ಗಂಜಿ ಬಡಿಸುವಾಗ ಯಾವ ಮತವೆಂದು ಕೇಳದವರು

ಕೇಳುಗರಿಗೆ ನಮಸ್ಕಾರ.

ನಮ್ಮ ಕನ್ನಡದಲ್ಲಿ ಗಂಜಿ ಎಂಬ ಮಾತಿಗೆ ಎರಡು ರುಚಿಯಿದೆ. ಜ್ವರ ಬಿಟ್ಟ ಮಗುವಿಗೆ ತಾಯಿ ಆರಿಸಿ ಕುಡಿಸುವುದೂ ಗಂಜಿಯೇ, ಗತಿಗೆಟ್ಟವನು ತಲೆ ತಗ್ಗಿಸಿ ಸಾಲಿನಲ್ಲಿ ನಿಂತು ಪಡೆಯುವುದೂ ಗಂಜಿಯೇ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ, ನಮ್ಮ ಹಿರಿಯರು ಧಾತು ವರ್ಷದ ಬರವೆಂದೇ ಕರೆಯುತ್ತಿದ್ದ ಆ ಕ್ಷಾಮದಲ್ಲಿ ಸುಮಾರು 50 ಲಕ್ಷ ಜನಸಂಖ್ಯೆಯ ಸಂಸ್ಥಾನ ಹತ್ತಿರ ಹತ್ತಿರ 10 ಲಕ್ಷ ಜನರನ್ನು ಕಳೆದುಕೊಂಡಿತು. ಗಂಜಿ ಕೇಂದ್ರ ಎಂಬ ಮಾತಿನ ಜೊತೆಗೆ ಒಂದು ಅಳುಕು ನಮ್ಮಲ್ಲಿ ಇಂದಿಗೂ ಅಂಟಿಕೊಂಡಿರುವುದಕ್ಕೆ ಇಂಥ ನೆನಪುಗಳೇ ಕಾರಣವಿರಬೇಕು. ಇಂದು ನಾನು ಹೇಳಹೊರಟಿರುವುದು ಅದಕ್ಕಿಂತ ಮೂವತ್ತು ವರ್ಷ ಹಿಂದೆ, ಇದೇ ಬ್ರಿಟಿಷ್ ಆಳ್ವಿಕೆಗೆ ಒಳಪಟ್ಟಿದ್ದ ಐರ್ಲೆಂಡಿನಲ್ಲಿ ಗಂಜಿ ಕಾಯಿಸಿದ ಒಂದು ಸಣ್ಣ ಕ್ರೈಸ್ತ ಪಂಗಡದ ಕಥೆ.

ಐರ್ಲೆಂಡಿನ ಬಡವರು ಆ ಕಾಲದಲ್ಲಿ ಹೆಚ್ಚುಕಡಿಮೆ ಆಲೂಗಡ್ಡೆಯೊಂದನ್ನೇ ತಿಂದು ಬದುಕುತ್ತಿದ್ದರು. ಮೈಮುರಿದು ದುಡಿಯುವ ಗಂಡಾಳು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದನೆಂದರೆ ನಮಗೆ ಉತ್ಪ್ರೇಕ್ಷೆಯಂತೆ ಕೇಳಿಸಬಹುದು, ಆದರೆ ಅದರ ಜೊತೆಗೆ ತುಸು ಮಜ್ಜಿಗೆ ಬಿಟ್ಟರೆ ಅವನ ತಟ್ಟೆಯಲ್ಲಿ ಬೇರೇನೂ ಇರುತ್ತಿರಲಿಲ್ಲ. ಹೊಲದಲ್ಲಿ ಬೆಳೆದ ಧಾನ್ಯವೆಲ್ಲ ಜಮೀನುದಾರನ ಗೇಣಿಗೆ ಹೋಗುತ್ತಿತ್ತು. 1845ರ ಸೆಪ್ಟೆಂಬರಿನಲ್ಲಿ ಆ ಬೆಳೆಗೆ ಅಂಗಮಾರಿ ರೋಗ ಬಿತ್ತು. ಮರುವರ್ಷ ಬೆಳೆ ಬಹುತೇಕ ಪೂರ್ತಿಯಾಗಿ ಹೋಯಿತು. ಸರ್ಕಾರ ರಸ್ತೆ ಹಾಕಿಸುವ, ಕಲ್ಲು ಒಡೆಸುವ ಕಾಮಗಾರಿಗಳನ್ನು ತೆರೆದಾಗ 1847ರ ಮಾರ್ಚ್ ಹೊತ್ತಿಗೆ 7 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಕೂಲಿಗೆ ನಿಂತಿದ್ದರು. ಆ ಕೂಲಿಯಿಂದ ಮನೆಮಂದಿಯ ಹೊಟ್ಟೆ ತುಂಬುವಂತಿರಲಿಲ್ಲ. ಅನ್ನವಿಲ್ಲದವನ ಕೈಗೆ ಸುತ್ತಿಗೆ ಕೊಟ್ಟು, ಕಲ್ಲು ಒಡೆದರೆ ಮಾತ್ರ ಕಾಸು ಎನ್ನುವ ಈ ಲೆಕ್ಕಾಚಾರವನ್ನು ನಮ್ಮ ಕಡೆಯ ಬರಗಾಲಗಳೂ ಕಂಡಿವೆ.

ಇಂಥ ಹೊತ್ತಿನಲ್ಲಿ, 1846ರ ನವೆಂಬರಿನಲ್ಲಿ, ಡಬ್ಲಿನ್ನಿನ ಕ್ವೇಕರರು ಸೇರಿ ಒಂದು ಕೇಂದ್ರ ಪರಿಹಾರ ಸಮಿತಿಯನ್ನು ಕಟ್ಟಿದರು. ಕ್ವೇಕರರೆಂದರೆ ಪಾದ್ರಿಯಿಲ್ಲದ, ಪೂಜಾವಿಧಿಯಿಲ್ಲದ, ಒಟ್ಟಿಗೆ ಮೌನವಾಗಿ ಕುಳಿತು ಪ್ರಾರ್ಥಿಸುವ ಒಂದು ಕ್ರೈಸ್ತ ಪಂಥದವರು. ಪ್ರತಿ ಮನುಷ್ಯನೊಳಗೂ ದೇವರ ಬೆಳಕಿದೆ ಎಂಬುದು ಅವರ ನಂಬಿಕೆ. ಇಡೀ ಐರ್ಲೆಂಡಿನಲ್ಲಿ ಅವರಿದ್ದದ್ದು ಸುಮಾರು 3,000 ಜನ, ಅದೂ ಬಹುಪಾಲು ವ್ಯಾಪಾರಿಗಳು. ಸಮಿತಿಯ ಕಾರ್ಯದರ್ಶಿಗಳಾದ ಜೋಸೆಫ್ ಬ್ಯೂಲಿ ಮತ್ತು ಜೊನಾಥನ್ ಪಿಮ್ ಇಬ್ಬರೂ ವರ್ತಕರೇ. ಹಾಗಾಗಿ ಇವರು ಮೊದಲು ಮಾಡಿದ್ದು ವರ್ತಕರು ಮಾಡುವಂಥದೇ ಕೆಲಸ: ಹಣ ಹಂಚುವ ಮುನ್ನ, ಎಲ್ಲಿ ಏನಾಗಿದೆ ಎಂದು ಕಣ್ಣಾರೆ ನೋಡಿ ಬರಲು ಜನರನ್ನು ಕಳಿಸಿದರು. ಇಂಗ್ಲೆಂಡಿನಿಂದ ಬಂದ ವಿಲಿಯಂ ಫಾರ್ಸ್ಟರ್ ಎಂಬ ಹಿರಿಯರು ಆ ಚಳಿಗಾಲದಲ್ಲಿ ಪಶ್ಚಿಮದ ಜಿಲ್ಲೆಗಳನ್ನು ಸುತ್ತಿದರು. ಅವರ ಮಗ ಜನವರಿಯಲ್ಲಿ ಮೇಯೊ ಜಿಲ್ಲೆಯ ವೆಸ್ಟ್‌ಪೋರ್ಟ್ ಪಟ್ಟಣವನ್ನು ಕಂಡಾಗ, ಅದು ಶತ್ರುಗಳ ಮುತ್ತಿಗೆಗೆ ಸಿಕ್ಕ ಊರಿನಂತಿದೆ ಎಂದು ಬರೆದರು. ಬೀದಿಗಳ ತುಂಬ ಜನ ಕೆಲಸ ಬೇಡುತ್ತ ಅಲೆಯುತ್ತಿದ್ದರು. ಇಂಥ ವರದಿಗಳು ಅಚ್ಚಾಗಿ ಲಂಡನ್ನಿಗೆ, ಅಮೆರಿಕಕ್ಕೆ ಹೋದವು. ದೂರದವರು ನಂಬಿ ದುಡ್ಡು ಕಳಿಸಿದ್ದಕ್ಕೆ ಈ ವರದಿಗಳು ಬಹುಮಟ್ಟಿಗೆ ಕಾರಣವೆಂದು ನನಗನ್ನಿಸುತ್ತದೆ.

ಹಣ ಹರಿದುಬಂದ ದಿಕ್ಕುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಐರ್ಲೆಂಡಿಗೆ ಹೊರಗಿನಿಂದ ಬಂದ ಮೊದಮೊದಲ ದೊಡ್ಡ ನೆರವು ನಮ್ಮ ಕಲ್ಕತ್ತೆಯದು. ಈಸ್ಟ್ ಇಂಡಿಯಾ ಕಂಪನಿಯ ಸೈನಿಕರು, ನೌಕರರು ಮುಂತಾದವರು ಕೂಡಿಸಿದ ಆ ನಿಧಿ ಸುಮಾರು 14,000 ಪೌಂಡಿಗೆ ಮುಟ್ಟಿತ್ತು. ಅಮೆರಿಕದಲ್ಲಿ ತಮ್ಮ ನೆಲದಿಂದ ಒಕ್ಕಲೆಬ್ಬಿಸಲ್ಪಟ್ಟು, ನಡೆಯುತ್ತ ನಡೆಯುತ್ತಲೇ ಸಾವಿರಾರು ಜನರನ್ನು ಕಳೆದುಕೊಂಡಿದ್ದ ಚೊಕ್ಟಾ ಎಂಬ ಮೂಲನಿವಾಸಿಗಳು 1847ರಲ್ಲಿ 170 ಡಾಲರು ಕೂಡಿಸಿ ಕಳಿಸಿದರು. ಅಮೆರಿಕದ ದಾನಿಗಳು ಹಡಗುಗಳಲ್ಲಿ ಕಳಿಸಿದ ಮೆಕ್ಕೆಜೋಳದ ಹಿಟ್ಟನ್ನು ಬಂದರಿನಿಂದ ಹಳ್ಳಿಗೆ ಮುಟ್ಟಿಸುವ ಹೊಣೆಯಲ್ಲಿ ದೊಡ್ಡ ಪಾಲು ಕ್ವೇಕರರ ಮೇಲೆ ಬಿತ್ತು.

ಇನ್ನು ಗಂಜಿಯ ಮಾತು. ಗಂಜಿ ಎಂದು ನಾನು ಕರೆಯುತ್ತಿರುವುದು ಅವರು ಸೂಪ್ ಎನ್ನುತ್ತಿದ್ದ ಗಟ್ಟಿ ಸಾರನ್ನು. ದನದ ಮಾಂಸ, ಬಟಾಣಿ ಬೇಳೆ, ಓಟ್ಸ್ ಹಿಟ್ಟು ಅಥವಾ ಅಕ್ಕಿ, ಸಿಕ್ಕಿದ ತರಕಾರಿ, ಮೇಲೆ ಒಂದಿಷ್ಟು ಮೆಣಸು ಮಸಾಲೆ ಸೇರಿಸಿ ಬೇಯಿಸಿದ್ದು ಅದು. 1847ರ ಜನವರಿಯಲ್ಲಿ ಡಬ್ಲಿನ್ನಿನಲ್ಲಿ ಲಿಫಿ ನದಿಯ ದಂಡೆಗೆ ಹತ್ತಿರದ ಚಾರ್ಲ್ಸ್ ಬೀದಿಯಲ್ಲಿ ಅವರೊಂದು ಅಡುಗೆಮನೆ ತೆರೆದರು. ಒಂದು ಲೀಟರಿಗಿಂತ ತುಸು ಹೆಚ್ಚಾಗುವ ಒಂದು ಅಳತೆಗೆ ಬೆಲೆ ಒಂದು ಪೆನ್ನಿ, ರೊಟ್ಟಿಯ ತುಂಡೂ ಬೇಕೆಂದರೆ ಒಂದೂವರೆ ಪೆನ್ನಿ. ಅಷ್ಟೂ ಇಲ್ಲದವರಿಗೆ ಉಳ್ಳವರು ಚೀಟಿಗಳನ್ನು ಕೊಂಡು ಹಂಚುತ್ತಿದ್ದರು. ಚೀಟಿ ಹಿಡಿದು ಬಂದವಳೂ ಕಾಸು ಹಿಡಿದು ಬಂದವಳೂ ಒಂದೇ ಕಿಟಕಿಯ ಮುಂದೆ ನಿಂತು ಪಾತ್ರೆ ಚಾಚುತ್ತಿದ್ದರು. ಹಳ್ಳಿಗಳಲ್ಲಿ ಸಮಸ್ಯೆ ಬೇರೆಯೇ ಆಗಿತ್ತು. ಆಲೂಗಡ್ಡೆಯನ್ನು ಬೇಯಿಸುವ ಒಂದು ಮಡಕೆ ಬಿಟ್ಟರೆ ಅಲ್ಲಿ ದೊಡ್ಡ ಪಾತ್ರೆಯೇ ಇರಲಿಲ್ಲ. ಹೀಗಾಗಿ ಸಮಿತಿ ನಮ್ಮ ಮದುವೆಮನೆಯ ಕೊಪ್ಪರಿಗೆಯಂಥ ಎರಕದ ಕಬ್ಬಿಣದ ಹಂಡೆಗಳನ್ನು, ಸುಮಾರು 300ರಷ್ಟನ್ನು, ಊರೂರಿಗೆ ಹಂಚಿತು. ಕ್ಷಾಮದ ಕಾಲದ ಅಂಥ ಹಂಡೆಗಳು ಇಂದಿಗೂ ಅಲ್ಲಿನ ಕೆಲವು ಮನೆಗಳ ಅಂಗಳದಲ್ಲಿ ಹೂಗಿಡದ ಕುಂಡವಾಗಿಯೋ ದನ ನೀರು ಕುಡಿಯುವ ತೊಟ್ಟಿಯಾಗಿಯೋ ಉಳಿದುಕೊಂಡಿವೆ.

ಇದರ ಪಕ್ಕದಲ್ಲಿ ಸರ್ಕಾರ ಮಾಡಿದ ಒಂದು ಪ್ರಯೋಗವನ್ನೂ ಇಟ್ಟು ನೋಡಬೇಕು. ಅದೇ ವರ್ಷದ ಏಪ್ರಿಲ್‌ನಲ್ಲಿ ಲಂಡನ್ನಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸಾಯರ್ ಡಬ್ಲಿನ್ನಿನಲ್ಲಿ ಒಂದು ಮಾದರಿ ಅಡುಗೆಮನೆ ಕಟ್ಟಿದ. ಒಳಗೆ ಉದ್ದನೆಯ ಮೇಜುಗಳು, ಅವುಗಳಲ್ಲಿ ಕೂರಿಸಿದ 100 ಬಟ್ಟಲುಗಳು, ಒಂದೊಂದಕ್ಕೂ ಸರಪಳಿಯಲ್ಲಿ ಕಟ್ಟಿದ ಒಂದು ಚಮಚ. ಗಂಟೆ ಬಾರಿಸಿದಾಗ 100 ಜನ ಒಳಗೆ ಬಂದು ಕುಡಿಯಬೇಕು, ಆರು ನಿಮಿಷಕ್ಕೆ ಮತ್ತೆ ಗಂಟೆ ಬಾರಿಸಿದರೆ ಇನ್ನೊಂದು ಬಾಗಿಲಿನಿಂದ ಹೊರಬೀಳಬೇಕು. ಉದ್ಘಾಟನೆಯ ದಿನ ಬಡವರು ಉಣ್ಣುವುದನ್ನು ನೋಡಲು ಸಿರಿವಂತರು ಐದು ಶಿಲಿಂಗ್ ಕೊಟ್ಟು ಬಂದರಂತೆ. ಆ ಅಡುಗೆಮನೆ ಸಾವಿರಾರು ಜನರ ಹೊಟ್ಟೆಗೆ ಹಾಕಿದ್ದು ನಿಜ, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೂ ಸರಪಳಿಯ ಆ ಚಮಚ ನನ್ನ ಕಣ್ಣೆದುರಿನಿಂದ ಸರಿಯುವುದಿಲ್ಲ.

ಗಂಜಿಗೆ ಬೆಲೆ ಕಟ್ಟಿಸಿಕೊಳ್ಳುವ ಇನ್ನೊಂದು ಬಗೆಯೂ ಆಗ ನಡೆದಿತ್ತು. ಪಶ್ಚಿಮದ ಕರಾವಳಿಯಲ್ಲಿ ಕೆಲವು ಪ್ರಾಟೆಸ್ಟೆಂಟ್ ಪ್ರಚಾರಕರು, ಕ್ಯಾಥೊಲಿಕ್ ಬಡವರು ತಮ್ಮ ಶಾಲೆಗೆ ಮಕ್ಕಳನ್ನು ಕಳಿಸಿದರೆ, ತಮ್ಮ ಪ್ರಾರ್ಥನೆಗೆ ಬಂದರೆ ಊಟ ಕೊಡುತ್ತಾರೆಂಬ ಆರೋಪ ಹೊತ್ತಿದ್ದರು. ಎಷ್ಟು ಕಡೆ ಹೀಗಾಯಿತು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೆ ಮತ ಬಿಟ್ಟವನನ್ನು ಅವನು ಸೂಪ್ ಕುಡಿದ ಎಂದು ಹಂಗಿಸುವ ಮಾತು ಐರಿಷ್ ಜನರ ಬಾಯಲ್ಲಿ ತಲೆಮಾರುಗಳವರೆಗೆ ಉಳಿಯಿತು. ಇಷ್ಟು ಕಹಿ ತುಂಬಿದ ನಾಡಿನಲ್ಲಿ ಕ್ವೇಕರರ ಹೆಸರಿಗೆ ಮಾತ್ರ ಆ ಕಳಂಕ ಹತ್ತಲಿಲ್ಲ. ಅವರು ಕ್ಯಾಥೊಲಿಕ್ ಪಾದ್ರಿಗಳ ಕೈಯಲ್ಲೂ ಹಿಟ್ಟಿನ ಮೂಟೆ ಇಟ್ಟರು, ಸರ್ಕಾರಿ ಚರ್ಚಿನ ಪಾದ್ರಿಗಳ ಕೈಯಲ್ಲೂ ಇಟ್ಟರು. ಹಸಿದವನಿಗೆ ಉಣಿಸಿದ್ದು ತನಗೇ ಉಣಿಸಿದಂತೆ ಎಂದ ಕ್ರಿಸ್ತನ ಮಾತನ್ನು ಅವರು ಹಂಡೆಯ ಮುಂದೆ ನಿಂತು ಯಾರಿಗೂ ಬೋಧಿಸಲಿಲ್ಲ.

ಗಂಜಿಯೊಂದರಿಂದಲೇ ಊರು ಉಳಿಯುವುದಿಲ್ಲವೆಂಬುದು ಅವರಿಗೆ ಬೇಗನೆ ಅರಿವಾಯಿತು. ಗಾಲ್ವೆಯ ಕಡೆ ಮೀನುಗಾರರು ಹಸಿವಿಗೆ ತಾಳಲಾರದೆ ಬಲೆಗಳನ್ನೇ ಅಡವಿಟ್ಟಿದ್ದರು. ಎದುರಿಗೆ ಸಮುದ್ರವಿದ್ದರೂ ಮೀನು ಹಿಡಿಯುವಂತಿರಲಿಲ್ಲ. ಸಮಿತಿ ಸಾಲ ಕೊಟ್ಟು ಬಲೆ ಬಿಡಿಸಿತು. ಆಲೂಗಡ್ಡೆಯ ಬದಲು ಬಿತ್ತಲೆಂದು ಟರ್ನಿಪ್ ಗಡ್ಡೆಯ ಬೀಜ ಹಂಚಿತು.

ಅವರ ಹಂಡೆಗಳ ಅನುಭವವೂ ಸೇರಿ, 1847ರ ಫೆಬ್ರವರಿಯಲ್ಲಿ ಸರ್ಕಾರ ತಾನೇ ಗಂಜಿ ಕೇಂದ್ರ ತೆರೆಯುವ ಕಾನೂನು ಮಾಡಿತು. ಆ ಜುಲೈನಲ್ಲಿ ದಿನಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಉಂಡರು. ಮನಸ್ಸು ಮಾಡಿದರೆ ಸರ್ಕಾರದಿಂದ ಎಷ್ಟಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಶರತ್ಕಾಲ ಬರುತ್ತಿದ್ದಂತೆ ಆ ಒಲೆಗಳನ್ನು ಆರಿಸಲಾಯಿತು. ಇನ್ನು ಮುಂದೆ ಬಡವರು ವರ್ಕ್‌ಹೌಸ್ ಎಂಬ ದುಡಿಮೆಮನೆಗಳ ಬಾಗಿಲಿಗೆ ಹೋಗಬೇಕೆಂದಾಯಿತು. ಅದಕ್ಕೊಂದು ಷರತ್ತು ಬೇರೆ: ಕಾಲು ಎಕರೆಗಿಂತ, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆಗಿಂತ, ಹೆಚ್ಚು ನೆಲ ಉಳುವವನಿಗೆ ಸರ್ಕಾರದ ನೆರವಿಲ್ಲ. ಊಟ ಬೇಕೆಂದರೆ ನೆಲ ಬಿಡಬೇಕು. ನೆಲ ಬಿಟ್ಟವನ ಗುಡಿಸಲನ್ನು ಜಮೀನುದಾರನ ಆಳುಗಳು ಬಂದು ಕೆಡವುತ್ತಿದ್ದರು. ಜೇಮ್ಸ್ ಹ್ಯಾಕ್ ಟ್ಯೂಕ್ ಎಂಬ ಕ್ವೇಕರ್ 1847ರ ಕೊನೆಯಲ್ಲಿ ಮೇಯೊ ಜಿಲ್ಲೆಯ ಎರಿಸ್ ಸೀಮೆಗೆ ಹೋದಾಗ, ಹೀಗೆ ಮನೆ ಕಳೆದುಕೊಂಡವರನ್ನು ಕಂಡು ಕಟುವಾಗಿಯೇ ಬರೆದರು. ಇಂಥ ಕುಟುಂಬಗಳಿಗೆ ಗಂಜಿ ಕೊಟ್ಟು ಕಳಿಸುವುದಾದರೂ ಎಲ್ಲಿಗೆ?

ಕ್ವೇಕರರ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಅವರು ಬೇಡವೆಂದ ಒಂದು ಸಂದರ್ಭ. 1848ರಲ್ಲಿ ಆಲೂಗಡ್ಡೆ ಮತ್ತೆ ಕೊಳೆಯಿತು. 1849ರ ಜೂನ್‌ನಲ್ಲಿ ಪ್ರಧಾನಿ ಜಾನ್ ರಸೆಲ್, ನೀವು ಪರಿಹಾರ ಕಾರ್ಯವನ್ನು ಮತ್ತೆ ಆರಂಭಿಸುವುದಾದರೆ ನಾನು 100 ಪೌಂಡ್ ಕೊಡುತ್ತೇನೆ ಎಂದು ಹೇಳಿಕಳಿಸಿದ. ಅಷ್ಟು ಹೊತ್ತಿಗೆ ಈ ಸಣ್ಣ ಪಂಗಡ ಹಣ ಮತ್ತು ಆಹಾರ ಸೇರಿ ಸುಮಾರು 2 ಲಕ್ಷ ಪೌಂಡಿನ ನೆರವನ್ನು ಹಂಚಿ ಮುಗಿಸಿತ್ತು. ಓಡಾಡಿದವರಲ್ಲಿ ಕೆಲವರು ಜನರಿಂದ ಹತ್ತಿದ ಜ್ವರಕ್ಕೆ ಬಲಿಯಾಗಿದ್ದರು, ಉಳಿದವರು ಸೋತು ಹೋಗಿದ್ದರು. ಈ ಸಂಕಟ ಖಾಸಗಿ ಜನರ ಕೈಮೀರಿದ್ದು, ಇಷ್ಟು ಜನರನ್ನು ಉಳಿಸುವಷ್ಟು ಹಣ ಎತ್ತುವ ಶಕ್ತಿ ಇರುವುದು ಸರ್ಕಾರಕ್ಕೆ ಮಾತ್ರ ಎಂದು ಅವರು ಉತ್ತರ ಕೊಟ್ಟರು. ಆ 100 ಪೌಂಡನ್ನು ಇಸಿದುಕೊಂಡು ಇನ್ನೊಂದಿಷ್ಟು ಹಂಡೆ ಕಾಯಿಸಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ, ದೂರದಿದ್ದವರ ಸಾಲಿನಲ್ಲಿ ಪ್ರಧಾನಿಯೇ ಮೊದಲಿಗನಾಗಿರುತ್ತಿದ್ದ.

ಜೋಸೆಫ್ ಬ್ಯೂಲಿ 1851ರಲ್ಲಿ ತೀರಿಕೊಂಡ. ದಣಿವೇ ಅವನನ್ನು ತಿಂದಿತೆಂದು ಅವನ ಜೊತೆಯವರು ನಂಬಿದ್ದರು. ಮರುವರ್ಷ ಸಮಿತಿ ಹೊರತಂದ ವರದಿಯಲ್ಲಿ, ತಮ್ಮ ಯತ್ನಗಳಲ್ಲಿ ಎಷ್ಟೋ ಫಲಿಸಲಿಲ್ಲವೆಂಬುದನ್ನೂ ಮುಚ್ಚಿಡದೆ ಬರೆದರು. ಐರ್ಲೆಂಡಿನ ಜಮೀನಿನ ಕಾನೂನು ಬದಲಾಗದೆ ಈ ಹಸಿವು ನೀಗದೆಂಬುದು ಜೊನಾಥನ್ ಪಿಮ್‌ಗೆ ಹಂಡೆಗಳ ಬಳಿ ನಿಂತಾಗಲೇ ಮನದಟ್ಟಾಗಿತ್ತು. ಅವನು 1865ರಲ್ಲಿ ಡಬ್ಲಿನ್ ನಗರದಿಂದ ಪಾರ್ಲಿಮೆಂಟಿಗೆ ಆರಿಸಿಬಂದು, ಅಲ್ಲಿ ಗೇಣಿದಾರರ ಹಕ್ಕಿನ ಪರವಾಗಿ ವಾದಿಸಿದ.

ನಮಸ್ಕಾರ.