ಓದಿದವಳೂ ಓದದವರೂ ಒಂದೇ ಸಾಲಿನಲ್ಲಿ

ಕೇಳುಗರಿಗೆ ನಮಸ್ಕಾರ.

ಪುಸ್ತಕ ಓದಿದವರು ಅದರ ಸಿನಿಮಾಗೆ ಹೋದರೆ ಅರ್ಧ ಸಿನಿಮಾ ಮಾತ್ರ ನೋಡುತ್ತಾರೆ. ಉಳಿದ ಹೊತ್ತೆಲ್ಲ ಏನು ಬಿಟ್ಟರು, ಏನು ಸೇರಿಸಿದರು ಅನ್ನೋ ಲೆಕ್ಕದಲ್ಲೇ ಕಳೆಯುತ್ತದೆ. ನಾನೂ ಅದೇ ಜಾತಿಯವಳು. ಟೋಲ್ಕಿನ್ ಬರೆದ 'ಲಾರ್ಡ್ ಆಫ್ ದಿ ರಿಂಗ್ಸ್' ನನಗೆ ಕಾಲೇಜಿನ ದಿನಗಳಿಂದ ಹಿಡಿದ ಹುಚ್ಚು. ನಮ್ಮ ಯಜಮಾನರೋ, ಆ ಪುಸ್ತಕದ ದಪ್ಪ ನೋಡಿಯೇ ಕೈಮುಗಿದವರು. ಸಿನಿಮಾಗಾದರೆ ಬರ್ತೀನಿ ಅಂದರು. ಅದೇ ಒಳ್ಳೆಯದಾಯಿತು. ಇಂಥ ಸಿನಿಮಾಗಳನ್ನು ಪುಸ್ತಕ ಓದದವರ ಪಕ್ಕ ಕೂತೇ ನೋಡಬೇಕು ಅಂತ ನನಗೀಗ ಅನ್ನಿಸುತ್ತದೆ. ಸಿನಿಮಾ ಗೆದ್ದಿತೋ ಸೋತಿತೋ ಹೇಳಬೇಕಾದವರು ಅವರು, ನಾವಲ್ಲ.

ಈ ಕಾದಂಬರಿ ಮೂರು ಸಂಪುಟಗಳಲ್ಲಿ 1954 ಮತ್ತು 1955ರಲ್ಲಿ ಬಂತು. ಕೇಡಿನ ಉಂಗುರವೊಂದನ್ನು ಬೆಂಕಿಗೆ ಎಸೆದು ನಾಶಮಾಡಲು ಹೊರಟ ಫ್ರೋಡೋನ ಕಥೆ ಅದು. ಅವನು ಹಾಬಿಟ್ ಅನ್ನೋ ಪುಟ್ಟ ಜನರಲ್ಲೊಬ್ಬ. ನಿರ್ದೇಶಕ ಪೀಟರ್ ಜಾಕ್ಸನ್ ನ್ಯೂಜಿಲೆಂಡಿನಲ್ಲಿ ಮೂರೂ ಸಿನಿಮಾಗಳನ್ನು ಒಟ್ಟಿಗೇ ಚಿತ್ರೀಕರಿಸಿ, 2001ರಿಂದ ವರ್ಷಕ್ಕೊಂದರಂತೆ ಬಿಡುಗಡೆ ಮಾಡಿದರು. ಮೊದಲನೆಯದು 178 ನಿಮಿಷ, ಅಂದರೆ ಮೂರು ಗಂಟೆಗೆ ಎರಡೇ ನಿಮಿಷ ಕಡಿಮೆ. ಇಂಟರ್‌ವಲ್ ಇಟ್ಟುಕೊಂಡು ಮಾಡಿದ ಸಿನಿಮಾ ಅಲ್ಲ ಅದು. ಆದರೆ ನಮ್ಮ ಥಿಯೇಟರುಗಳು ಬಿಡುತ್ತವೆಯೇ? ಎಲ್ಲೋ ಒಂದು ಕಡೆ ಕತ್ತರಿ ಹಾಕಿ ದೀಪ ಹಚ್ಚಿಬಿಡುತ್ತಾರೆ. ಬೈಯುವವರು ಬೈಯಲಿ, ನನಗಂತೂ ಆ ಹತ್ತು ನಿಮಿಷ ಇಷ್ಟ. ಪಾಪ್‌ಕಾರ್ನ್ ಸಾಲಿನಲ್ಲಿ ನಿಂತಾಗಲೇ ಪ್ರಶ್ನೆಗಳು ಶುರುವಾಗುವುದು.

ಇವರ ಮೊದಲ ಪ್ರಶ್ನೆ: "ಆ ಉಂಗುರದ ಹುಡುಗನಿಗೆ ಎಷ್ಟೇ ವಯಸ್ಸು?"

"ಐವತ್ತು" ಅಂದೆ.

ಇವರು ತಿರುಗಿ ನನ್ನ ಮುಖ ನೋಡಿದರು. ತಮಾಷೆ ಅಲ್ಲ. ಪುಸ್ತಕದಲ್ಲಿ ಹಿರಿಯ ಬಂಧು ಬಿಲ್ಬೋನ ಹುಟ್ಟುಹಬ್ಬದ ಔತಣ ಮುಗಿದು ಹದಿನೇಳು ವರ್ಷ ಆದಮೇಲೆ ಫ್ರೋಡೋ ಮನೆ ಬಿಟ್ಟು ಹೊರಡುತ್ತಾನೆ. ಸಿನಿಮಾದಲ್ಲಿ ಆ ಹದಿನೇಳು ವರ್ಷವನ್ನು ಸದ್ದಿಲ್ಲದೆ ನುಂಗಿಬಿಟ್ಟಿದ್ದಾರೆ. ಫ್ರೋಡೋ ಪಾತ್ರ ಮಾಡಿದ ಎಲೈಜಾ ವುಡ್‌ಗೆ ಚಿತ್ರೀಕರಣ ಶುರುವಾದಾಗ ಹದಿನೆಂಟು ವಯಸ್ಸು. "ಐವತ್ತು ವರ್ಷದವನನ್ನು ಹಾಕಿದ್ದರೆ ನನಗೆ ಪಾಪ ಅನ್ನಿಸ್ತಿರಲಿಲ್ಲ ಬಿಡು" ಅಂದರು ಇವರು. ನಾನು ಕಾಫಿ ಕುಡಿದೆ. ಅಷ್ಟು ಹೊತ್ತೂ ಆ ಹದಿನೇಳು ವರ್ಷಕ್ಕಾಗಿ ಒಳಗೊಳಗೇ ಮುನಿಸಿಕೊಂಡಿದ್ದೆ. ಇವರ ಒಂದು ಮಾತಿಗೆ ಅದು ಇಳಿಯಿತು.

ಇಂಟರ್‌ವಲ್ ಆದಮೇಲೆ ಮೋರಿಯಾ ಗಣಿಯ ಸೇತುವೆ ಬಂತು. ಫ್ರೋಡೋನ ಜೊತೆಗಿರುವ ಮಂತ್ರವಾದಿ ಮುದುಕ ಗಂಡಾಲ್ಫ್ ಒಬ್ಬನೇ ನಿಂತು ಆ ಬೆಂಕಿಯ ಭೂತವನ್ನು ತಡೆಯುತ್ತಾನೆ. ಸೇತುವೆ ಮುರಿಯುತ್ತದೆ, ಭೂತ ಕೆಳಗೆ ಬೀಳುತ್ತದೆ. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಅದರ ಚಾಟಿ ಮೇಲೆ ಬಂದು ಮುದುಕನ ಕಾಲಿಗೆ ಸುತ್ತಿಕೊಳ್ಳುತ್ತದೆ. ಇವರು ಸೀಟಿನ ತುದಿಗೆ ಬಂದಿದ್ದರು, ಕೈಯಲ್ಲಿದ್ದ ಪಾಪ್‌ಕಾರ್ನ್ ಕೈಯಲ್ಲೇ ಇತ್ತು. ನಾನು ಪರದೆ ನೋಡಲೇ ಇಲ್ಲ, ಇವರನ್ನೇ ನೋಡುತ್ತಿದ್ದೆ. ಅಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತಲ್ವಾ? ಹೊರಗೆ ಬಂದು ಸ್ಕೂಟರ್ ತೆಗೆಯುವಾಗಲೂ ಅದೇ ಮಾತು. "ಅಲ್ವೇ, ಆ ಮುದುಕನನ್ನು ಸಾಯಿಸಿಬಿಟ್ಟರಲ್ಲೇ."

"ಹೂಂ ರೀ" ಅಂದು ಸುಮ್ಮನಾದೆ.

ಆ ಮುದುಕ ಎರಡನೇ ಭಾಗದಲ್ಲಿ ಮರಳಿ ಬರುತ್ತಾನೆ. ಆ ಭಾಗ ಬರುವ ತನಕ, ಸುಮಾರು ಒಂದು ವರ್ಷ, ಬಾಯಿ ಬಿಗಿಹಿಡಿದಿದ್ದೆ. ನಮ್ಮ ಸಂಸಾರದಲ್ಲಿ ನಾನು ಮುಚ್ಚಿಟ್ಟ ಗುಟ್ಟುಗಳಲ್ಲಿ ಇದೇ ದೊಡ್ಡದು ಅನ್ನಬೇಕು. ಪುಣ್ಯಕ್ಕೆ ಇವರಿಗೆ ಟ್ರೇಲರ್ ನೋಡುವ ಅಭ್ಯಾಸವಿಲ್ಲ.

ಎರಡನೇ ಭಾಗದಲ್ಲಿ ನನಗೆ ಸಿಟ್ಟು ಬಂದದ್ದು ಫ್ರೋಡೋಗೆ ದಾರಿಯಲ್ಲಿ ಎದುರಾಗುವ ಸೇನಾನಾಯಕ ಫರಾಮಿರ್ ವಿಷಯಕ್ಕೆ. ಪುಸ್ತಕದಲ್ಲಿ ಅವನು ಚಿನ್ನದಂಥ ಮನುಷ್ಯ. ಉಂಗುರ ಕೈಗೆ ಸಿಗುವಂತಿದ್ದರೂ ಬೇಡ ಅಂತ ಫ್ರೋಡೋನನ್ನು ಕಳಿಸಿಕೊಡುತ್ತಾನೆ. ಸಿನಿಮಾದಲ್ಲಿ ಮೊದಲು ಹಿಡಿದು ಎಳೆದುಕೊಂಡು ಹೋಗುತ್ತಾನೆ, ಆಮೇಲೆ ಬಿಡುತ್ತಾನೆ. ಚಿತ್ರಕಥೆ ಬರೆದವರು ಕೊಟ್ಟ ಕಾರಣ ಹೀಗಿದೆ. ಉಂಗುರ ಎಂಥವರನ್ನೂ ಕೆಡಿಸುತ್ತದೆ ಅಂತ ಅಲ್ಲಿಯ ತನಕ ತೋರಿಸಿ, ಒಬ್ಬನಿಗೆ ಮಾತ್ರ ಏನೂ ಆಗಲಿಲ್ಲ ಅಂದರೆ ಭಯವೇ ಕರಗಿಹೋಗುತ್ತದೆ. ಇದನ್ನು ಓದಿದ ಮೇಲೂ ನಾನು ಒಪ್ಪಲಿಲ್ಲ. ಇವರಿಗೆ ಮಾತ್ರ ಏನೂ ತೊಂದರೆ ಆಗಲಿಲ್ಲ. "ಕೊನೆಗೆ ಬಿಟ್ಟನಲ್ಲ, ಒಳ್ಳೆಯವನೇ" ಅಂದರು. ಚಿತ್ರಕಥೆಯವರು ಇವರಂಥವರನ್ನು ನೆನೆಸಿಕೊಂಡೇ ಬರೆದಿರಬೇಕು.

ಹಾಗೆ ನೋಡಿದರೆ, ಕಥೆಯನ್ನು ಬೇಕಾದಲ್ಲಿ ನಿಲ್ಲಿಸುವುದು, ತಿರುಗಿಸುವುದು ನಮಗೇನು ಹೊಸದಲ್ಲ. ಕುಮಾರವ್ಯಾಸ ಮಹಾಭಾರತವನ್ನು ಹತ್ತು ಪರ್ವಕ್ಕೇ ಮುಗಿಸಿದ. ಉಳಿದದ್ದನ್ನು ಮುಂದೆ ತಿಮ್ಮಣ್ಣ ಕವಿ ಬರೆದ. ಅದಕ್ಕಾಗಿ ಕುಮಾರವ್ಯಾಸನ ಮೇಲೆ ಯಾರಾದರೂ ಮುನಿಸಿಕೊಂಡಿದ್ದಾರಾ? ಜಾಕ್ಸನ್ ಮೇಲೆ ಮಾತ್ರ ನಮಗೆ ಕೋಪ.

ಮೂರನೆಯದು 201 ನಿಮಿಷ. ಅದಕ್ಕೆ ಹನ್ನೊಂದು ಆಸ್ಕರ್ ಬಂತು, ಸ್ಪರ್ಧಿಸಿದ ಹನ್ನೊಂದೂ ವಿಭಾಗಗಳಲ್ಲಿ. ಅದನ್ನು ಬಿಡಿ, ಥಿಯೇಟರಿನಲ್ಲಿ ಆದದ್ದು ಹೇಳುತ್ತೇನೆ. ಉಂಗುರ ಬೆಂಕಿಗೆ ಬಿತ್ತು. ಪರದೆ ಕಪ್ಪಾಯಿತು. ಮುಂದಿನ ಸಾಲಿನವರು ಎದ್ದರು, ಚಪ್ಪಲಿ ಹುಡುಕಿದರು, ಇವರೂ ಎದ್ದರು. ನಾನು ಶರ್ಟು ಹಿಡಿದು ಎಳೆದೆ, "ರೀ ಕೂತ್ಕೊಳ್ಳಿ, ಇನ್ನೂ ಇದೆ." ಪರದೆ ಮತ್ತೆ ಬೆಳಗಿತು, ಎದ್ದವರೆಲ್ಲ ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಕತ್ತಲೆ, ಮತ್ತೆ ಎದ್ದರು, ಮತ್ತೆ ಎಳೆದೆ. ನಿಜ ಹೇಳಬೇಕೆಂದರೆ ಪುಸ್ತಕದಲ್ಲಿ ಉಂಗುರ ನಾಶವಾದ ಮೇಲೆ ಇನ್ನೂ ಆರು ಅಧ್ಯಾಯ ಇವೆ. ಅದರಲ್ಲೊಂದು ಅಧ್ಯಾಯದಲ್ಲಿ ಊರಿಗೆ ಮರಳಿದ ಹಾಬಿಟ್‌ಗಳಿಗೆ ತಮ್ಮ ಊರೇ ಹಾಳಾಗಿರುವುದು ಕಾಣುತ್ತದೆ. ಯುದ್ಧ ಅಂದರೆ ಏನು ಅಂತ ಟೋಲ್ಕಿನ್ ಹೇಳಿದ ಜಾಗ ಅದು. ಸಿನಿಮಾದಲ್ಲಿ ಅದು ಇಲ್ಲ. ನನಗೆ ಇವತ್ತಿಗೂ ಆ ಕೊರಗು ಇದೆ. ಆದರೆ ಮೂರನೇ ಸಲ ಏಳಲು ಹೊರಟಿದ್ದ ಇವರನ್ನು ನೋಡಿದಾಗ ಇನ್ನೊಂದು ಯುದ್ಧ ಯಾರು ಸಹಿಸುತ್ತಾರೆ ಅನ್ನಿಸಿತು.

ಓದದವರ ಕಣ್ಣು ಎಷ್ಟು ಚುರುಕು ಅಂತ ಗೊತ್ತಾದದ್ದು 'ಹಾಬಿಟ್' ಸಿನಿಮಾಗಳಲ್ಲಿ. ಟೋಲ್ಕಿನ್ ಮಕ್ಕಳಿಗಾಗಿ ಬರೆದ, 1937ರ ಸಣ್ಣ ಪುಸ್ತಕ ಅದು. ಅದೇ ಜಾಕ್ಸನ್ 2012ರಿಂದ 2014ರವರೆಗೆ ಅದನ್ನು ಮೂರು ಸಿನಿಮಾ ಮಾಡಿದರು. ಟೌರಿಯೆಲ್ ಅನ್ನೋ ಯೋಧೆಯೊಬ್ಬಳನ್ನು ಹೊಸದಾಗಿ ಹುಟ್ಟಿಸಿ, ಒಬ್ಬ ಕುಳ್ಳನ ಜೊತೆ ಅವಳಿಗೆ ಪ್ರೀತಿ ಕಟ್ಟಿದರು. ನಾನು ಬಾಯಿ ಬಿಟ್ಟಿರಲಿಲ್ಲ. ಇವರೇ ಕಿವಿಯಲ್ಲಿ ಕೇಳಿದರು, "ಈ ಲವ್ ಸ್ಟೋರಿ ಆಮೇಲೆ ಅಂಟಿಸಿದ್ದಾ?"

ಗಮನಿಸಿ, ಹಿಂದಿನ 'ರಿಂಗ್ಸ್' ಸಿನಿಮಾದಲ್ಲೂ ಆರ್ವೆನ್ ಅನ್ನೋ ಹೆಣ್ಣಿನ ಪಾತ್ರವನ್ನು ಬೇಕಾದಷ್ಟು ಬೆಳೆಸಿದ್ದರು. ಗಾಯಗೊಂಡ ಫ್ರೋಡೋನನ್ನು ಕುದುರೆ ಮೇಲೆ ಹೊತ್ತು ನದಿ ದಾಟಿಸುವವಳು ಅವಳು. ಪುಸ್ತಕದಲ್ಲಿ ಅಲ್ಲಿ ಅವಳೇ ಇಲ್ಲ. ಇವರಿಗೆ ಆಗ ಒಂದು ಚೂರೂ ಅನುಮಾನ ಬಂದಿರಲಿಲ್ಲ, ಆ ದೃಶ್ಯ ಅಂದರೆ ಇವರಿಗೆ ಪ್ರಾಣ. ಆರ್ವೆನ್ ಮತ್ತು ಮುಂದೆ ರಾಜನಾಗುವ ಅರಗಾರ್ನ್ ಇವರ ಪ್ರೀತಿಯ ಕಥೆಯನ್ನು ಟೋಲ್ಕಿನ್ನೇ ಪುಸ್ತಕದ ಕೊನೆಯ ಅನುಬಂಧದಲ್ಲಿ ಬರೆದಿಟ್ಟಿದ್ದಾರೆ. ಜಾಕ್ಸನ್ ಅದನ್ನು ಅಲ್ಲಿಂದ ಎತ್ತಿ ಮುಂದಕ್ಕೆ ತಂದರು, ಅಷ್ಟೇ. ಟೌರಿಯೆಲ್‌ಗೆ ಅಂಥ ಬೇರು ಇಲ್ಲ. ಒಂದು ಪುಟವನ್ನೂ ಓದದ ಮನುಷ್ಯನಿಗೆ ಅದು ಹೇಗೋ ಗೊತ್ತಾಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಇವರು ಇನ್ನೊಂದು ಪ್ರಶ್ನೆ ಕೇಳಿದರು. "ಕೊನೆಯಲ್ಲಿ ಆ ದೊಡ್ಡ ಹದ್ದುಗಳು ಬಂದು ಫ್ರೋಡೋನನ್ನು ಎತ್ತಿಕೊಂಡು ಹೋದವಲ್ಲ, ಮೊದಲೇ ಅವುಗಳ ಮೇಲೆ ಕೂತು ಹೋಗಿ ಉಂಗುರ ಎಸೆದು ಬರಬಹುದಿತ್ತಲ್ಲೇ. ಪುಸ್ತಕದಲ್ಲಿ ಏನಿದೆ?"

ಪುಸ್ತಕದಲ್ಲೂ ಅದಕ್ಕೆ ನೇರ ಉತ್ತರ ಇಲ್ಲ. "ಸಾರು ಹಾಕಲಾ?" ಅಂದೆ.

ನಮಸ್ಕಾರ.