ಬಂದೂಕಿನ ಡಾಕ್ಯುಮೆಂಟರಿಗಳು ನಮಗೆ ಏನನ್ನು ತೋರಿಸುವುದಿಲ್ಲ?

[ನಿರೂಪಕ ಕ್ಯಾಮೆರಾ ನೋಡುತ್ತಾ ಎಂಟು ಸೆಕೆಂಡ್ ಸುಮ್ಮನೆ ಕೂರುತ್ತಾನೆ]

ಇಷ್ಟು ಹೊತ್ತು ನಾನು ಮಾತಾಡಲಿಲ್ಲ. ಇವನಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ ಅಂತ ನಿಮಗೆ ಅನ್ನಿಸಿತು, ಅಲ್ವಾ?

2016ರಲ್ಲಿ ಅಮೆರಿಕದಲ್ಲಿ 'ಅಂಡರ್ ದ ಗನ್' ಎಂಬ ಡಾಕ್ಯುಮೆಂಟರಿ ಬಂತು. ಅದರಲ್ಲಿ ಪತ್ರಕರ್ತೆ ಕೇಟಿ ಕೂರಿಕ್ ವರ್ಜೀನಿಯಾದ ಬಂದೂಕು ಹಕ್ಕುಗಳ ಸಂಘಟನೆಯೊಂದರ ಸದಸ್ಯರನ್ನು ಕೇಳುತ್ತಾರೆ: ಕೊಳ್ಳುವವರ ಹಿನ್ನೆಲೆಯನ್ನು ಪರಿಶೀಲಿಸದೇ ಇದ್ದರೆ, ಅಪರಾಧಿಗಳು, ಭಯೋತ್ಪಾದಕರು ಬಂದೂಕು ಕೊಳ್ಳದಂತೆ ತಡೆಯುವುದು ಹೇಗೆ? ಯಾರೂ ಬಾಯಿ ಬಿಡುವುದಿಲ್ಲ. ಎಂಟೊಂಬತ್ತು ಸೆಕೆಂಡ್ ಮೌನ.

ನಿಜದಲ್ಲಿ ಅವರು ತಕ್ಷಣವೇ ಉತ್ತರ ಕೊಟ್ಟಿದ್ದರು. ಸಂಘಟನೆಯವರೂ ಆ ಮಾತುಕತೆಯನ್ನು ರೆಕಾರ್ಡ್ ಮಾಡಿಕೊಂಡಿದ್ದರಿಂದ ವಿಷಯ ಹೊರಬಿತ್ತು. ಸುಮ್ಮನೆ ಕೂತ ದೃಶ್ಯ ಬೇರೆ ಹೊತ್ತಿನದು, ಎಡಿಟಿಂಗ್‌ನಲ್ಲಿ ತಂದು ಅಂಟಿಸಿದ್ದು. ಅದು ದಾರಿ ತಪ್ಪಿಸುವಂತಿದೆ ಎಂದು ಕೂರಿಕ್ ಒಪ್ಪಿಕೊಂಡರು. ಸಂಘಟನೆ ಮಾನನಷ್ಟ ಮೊಕದ್ದಮೆ ಹೂಡಿತು. 2017ರಲ್ಲಿ ಅದು ವಜಾ ಆಯಿತು, ಮೇಲ್ಮನವಿಯಲ್ಲೂ ಸೋತಿತು. ಅಂದರೆ ಇಂಥ ಕತ್ತರಿ ಆಡಿಸಿದ ಮಾತ್ರಕ್ಕೆ ಕಾನೂನು ಅಡ್ಡ ಬರುವುದಿಲ್ಲ.

ಹಿನ್ನೆಲೆ ಪರಿಶೀಲನೆ ಬೇಕೇ ಬೇಕು ಅನ್ನುವವನು ನಾನು. ಅದಕ್ಕೇ ನನಗೆ ಸಿಟ್ಟು ಜಾಸ್ತಿ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಲೈಸೆನ್ಸ್ ಇರುವ ವ್ಯಾಪಾರಿಗಳು ಮಾತ್ರ ಈ ಪರಿಶೀಲನೆ ಮಾಡಿಸಬೇಕು. ಖಾಸಗಿಯಾಗಿ ಮಾರುವವರಿಗೆ ಅನೇಕ ರಾಜ್ಯಗಳಲ್ಲಿ ಆ ಕಟ್ಟುಪಾಡಿಲ್ಲ. ಎಷ್ಟು ಗಟ್ಟಿಯಾದ ವಾದ ಇದು! ಆದರೆ ಆಮೇಲೆ ಜನ ಮಾತಾಡಿದ್ದು ಆ ಮೌನದ ಬಗ್ಗೆ ಮಾತ್ರ.

[ಸ್ಕ್ರೀನ್ ಮೇಲೆ: 1999, 2000]

ಆಸ್ಕರ್ ಗೆದ್ದ 'ಬೌಲಿಂಗ್ ಫಾರ್ ಕೊಲಂಬೈನ್' ಕೂಡ ಹೀಗೆಯೇ ಮಾಡಿತು. ಬಂದೂಕು ಹಕ್ಕುಗಳ ದೊಡ್ಡ ಸಂಘಟನೆ ಎನ್‌ಆರ್‌ಎಯ ಆಗಿನ ಅಧ್ಯಕ್ಷ, ನಟ ಚಾರ್ಲ್ಟನ್ ಹೆಸ್ಟನ್ ಬಂದೂಕು ಎತ್ತಿ ಹಿಡಿದು ಗುಡುಗುವ ದೃಶ್ಯ 2000ದ್ದು, ಶಾರ್ಲೆಟ್ ನಗರದ್ದು. ಅದರ ಬೆನ್ನಿಗೇ ಬರುವುದು ಅದೇ ಸಂಘಟನೆಯ 1999ರ ಡೆನ್ವರ್ ಸಭೆ. ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದ ಕೆಲವೇ ದಿನಗಳಲ್ಲಿ ಅವರು ಹೀಗೆ ಗುಡುಗಿದರು ಅಂತ ನೋಡುವವರು ನಂಬಿಬಿಡುತ್ತಾರೆ.

ಬಂದೂಕು ಕಂಪನಿಗಳ ಪ್ರಾಯೋಜಕತ್ವದ ಕಾರ್ಯಕ್ರಮಗಳಿಗೆ ಕತ್ತರಿಯೇ ಬೇಡ. ಯಂತ್ರದ ಅಂದ, ಗುರಿ, ಮನೆಯ ರಕ್ಷಣೆ, ಇಷ್ಟರಲ್ಲೇ ಮುಗಿಯುತ್ತದೆ. ಬಂದೂಕು ತಯಾರಕರನ್ನು ಬಹುತೇಕ ಮೊಕದ್ದಮೆಗಳಿಂದ ಕಾಪಾಡುವ 2005ರ ಕಾನೂನಿನ ಮಾತು ಅಲ್ಲಿ ಏಳುವುದು ಕಷ್ಟ.

ನನ್ನ ಪ್ರಕಾರ ಎರಡೂ ಕಡೆಯವರ ದೊಡ್ಡ ಪಕ್ಷಪಾತ ಬೇರೆಯೇ ಇದೆ. 2022ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,000ಕ್ಕೂ ಹೆಚ್ಚು. ಅದರಲ್ಲಿ ಸುಮಾರು 27,000 ಆತ್ಮಹತ್ಯೆಗಳು. ಅರ್ಧಕ್ಕಿಂತ ಜಾಸ್ತಿ! ಕ್ಯಾಮೆರಾ ಮಾತ್ರ ಸಾಮೂಹಿಕ ಹತ್ಯೆಗಳ ಹಿಂದೆ, ರೈಫಲ್‌ಗಳ ಹಿಂದೆ ಹೋಗುತ್ತದೆ. ಇಲ್ಲವೇ ಕಳ್ಳನನ್ನು ಓಡಿಸಿದ ಮನೆಯೊಡೆಯನ ಹಿಂದೆ. ಒಂಟಿ ಕೋಣೆಯ ಸಾವಿನಲ್ಲಿ ತೋರಿಸಲು ಖಳನಿಲ್ಲ, ನಾಯಕನೂ ಇಲ್ಲ.

ಆದರೆ ಕತೆ ಇದೆ. 2009ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಒಂದು ವಾರದೊಳಗೆ ಮೂವರು ಒಂದೇ ಅಂಗಡಿಯಿಂದ ಬಂದೂಕು ಕೊಂಡು ಜೀವ ಕಳೆದುಕೊಂಡರು. ಒಬ್ಬರಿಗೊಬ್ಬರು ಸಂಬಂಧವೇ ಇರದವರು. ಇದನ್ನು ತಿಳಿದ ಅಂಗಡಿಯ ಮಾಲೀಕ ಕೈಕಟ್ಟಿ ಕೂರಲಿಲ್ಲ. ಬಂದೂಕು ವ್ಯಾಪಾರಿಗಳು ಮತ್ತು ಆತ್ಮಹತ್ಯೆ ತಡೆಯಲು ದುಡಿಯುವವರು ಒಟ್ಟಿಗೆ ಕೂತು ಪೋಸ್ಟರ್‌ಗಳನ್ನು ಸಿದ್ಧಪಡಿಸಿದರು. ಕೊಳ್ಳಲು ಬಂದವರ ನಡವಳಿಕೆಯಲ್ಲಿ ಏನನ್ನು ಗಮನಿಸಬೇಕು, ಯಾವಾಗ ಮಾರಬಾರದು ಎಂದು ವ್ಯಾಪಾರಿಗಳಿಗೆ ಸಲಹೆ ಬರೆದರು. ರಾಜ್ಯದ ಹತ್ತಿರ ಹತ್ತಿರ ಅರ್ಧದಷ್ಟು ಅಂಗಡಿಗಳು ಆ ಪೋಸ್ಟರ್, ಕರಪತ್ರಗಳನ್ನು ಇಟ್ಟುಕೊಂಡವು. ಬೇರೆ ರಾಜ್ಯಗಳೂ ಇದನ್ನು ಶುರು ಮಾಡಿದವು.

ಇಂಥ ಒಬ್ಬ ವ್ಯಾಪಾರಿಯ ಜೊತೆ ಯಾರಾದರೂ ವರ್ಷವಿಡೀ ಕ್ಯಾಮೆರಾ ಹಿಡಿದು ಓಡಾಡಲಿ. ಆತನ ಲಾಭವನ್ನೂ ಕೇಳಲಿ, ಆತಂಕವನ್ನೂ ಕೇಳಲಿ, ಉತ್ತರವನ್ನು ಪೂರ್ತಿ ಇಟ್ಟುಕೊಳ್ಳಲಿ. ಆ ಡಾಕ್ಯುಮೆಂಟರಿಯನ್ನು ನಾನು ಮೊದಲ ದಿನವೇ ನೋಡುತ್ತೇನೆ.