ಮೂರೂಕಾಲು ಕಂಪನಗಳ ಬಾಕಿ

ಕೇಳುಗರಿಗೆ ನಮಸ್ಕಾರ.

1940ರಲ್ಲಿ ನಮ್ಮ ದೇಶದ ರೇಡಿಯೊ ಒಂದು ವಾದ್ಯಕ್ಕೆ ಬಾಗಿಲು ಹಾಕಿತು. ಅದು ಹಾರ್ಮೋನಿಯಂ. ಕಂಪನಿ ನಾಟಕಗಳಲ್ಲಿ, ಭಜನೆ ಮಂದಿರಗಳಲ್ಲಿ, ಹರಿಕಥೆಯ ಪಕ್ಕದಲ್ಲಿ ಮೆರೆಯುತ್ತಿದ್ದ ಆ ಪೆಟ್ಟಿಗೆಗೆ ಬಾನುಲಿ ನಿಲಯದೊಳಗೆ ಮಾತ್ರ ಪ್ರವೇಶವಿರಲಿಲ್ಲ. ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟು ಕಾಲ ಅದನ್ನು ಹೊರಗಿಟ್ಟ ರೇಡಿಯೊದಲ್ಲೇ ಕುಳಿತು ಅದರ ಪರ ವಾದಿಸುವುದು ತಮಾಷೆಯಾಗಿ ಕಾಣಬಹುದು. ಆದರೆ ನಾನು ಪೂರ್ತಿ ಪರವೂ ಅಲ್ಲ. ದೂರು ಎಷ್ಟು ನಿಜ ಎಂಬುದನ್ನು ಲೆಕ್ಕ ಹಾಕಿ ನೋಡಬೇಕೆಂಬುದಷ್ಟೇ ನನ್ನ ಹಟ.

ದೂರುಗಳು ಮುಖ್ಯವಾಗಿ ಎರಡು. ಹಾರ್ಮೋನಿಯಂನಲ್ಲಿ ಗಮಕ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ತೂಗುವ ಬಳುಕು, ಬರುವುದಿಲ್ಲ ಎಂಬುದು ಮೊದಲನೆಯದು. ಅದಕ್ಕೆ ಎದುರಾಡುವಂತಿಲ್ಲ, ಬೆರಳು ಒತ್ತುವ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಅಲ್ಲಿ ದಾರಿಯೇ ಇಲ್ಲ. ಎರಡನೆಯದು, ಅದರ ಸ್ವರಗಳೇ ಶ್ರುತಿ ತಪ್ಪಿವೆ ಎಂಬುದು. ಈ ಎರಡನೆಯದರಲ್ಲಿ ಗಣಿತವಿದೆ.

ಲೆಕ್ಕಕ್ಕೆ ಸುಲಭವಾಗಲೆಂದು ಮಧ್ಯಸ್ಥಾಯಿ ಷಡ್ಜವನ್ನು, ಅಂದರೆ ಹಾಡಿಗೆ ಆಧಾರವಾದ ‘ಸ’ವನ್ನು, ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಳ್ಳೋಣ. ಆಗ ತಂಬೂರಿಯ ಮಂದ್ರ ತಂತಿಯದು 120. ಆ ತಂತಿಯನ್ನು ಮೀಟಿದಾಗ 120 ಒಂದೇ ಕೇಳಿಸುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳೂ ಜೊತೆಗೇ ಹುಟ್ಟುತ್ತವೆ. ಮೂರರಷ್ಟು ಎಂದರೆ 360, ಅದು ಪಂಚಮ, ‘ಪ’. ಐದರಷ್ಟು ಎಂದರೆ 600, ಅದು ಮೇಲಿನ ತಾರಸ್ಥಾಯಿಯ ಅಂತರ ಗಾಂಧಾರ, ‘ಗ’. ಯಾರೂ ಮೀಟದ ಈ ಗಾಂಧಾರವನ್ನು ಶ್ರುತಿ ಕೂಡಿದ ತಂಬೂರಿಯಲ್ಲಿ ಕೇಳಿದವರು ಇಲ್ಲಿ ಅನೇಕರಿರಬೇಕು. ವಿಜಯನಗರದ ರಾಮಾಮಾತ್ಯ 1550ರ ತನ್ನ ‘ಸ್ವರಮೇಳಕಲಾನಿಧಿ’ಯಲ್ಲಿ ಇಂಥ ತಾನಾಗಿ ಹುಟ್ಟುವ ಸ್ವರಗಳನ್ನು ಸ್ವಯಂಭೂ ಎಂದು ಕರೆದ. ಅಂದರೆ ಮಧ್ಯಸ್ಥಾಯಿಯಲ್ಲಿ ಗಾಂಧಾರ 300, ಪಂಚಮ 360 ಆದರೆ ಅವು ತಂಬೂರಿಯೊಳಗೆ ಕರಗಿಹೋಗುತ್ತವೆ.

ಈಗ ಹಾರ್ಮೋನಿಯಂ. ಅದರ ಪಂಚಮ 359.6. ವ್ಯತ್ಯಾಸ ಅರ್ಧ ಕಂಪನಕ್ಕಿಂತ ಕಡಿಮೆ. ಇದನ್ನು ಹಿಡಿದು ಜಗಳಕ್ಕೆ ಬರುವವರ ಕಿವಿಯ ಬಗ್ಗೆ ನನಗೆ ಅನುಮಾನವಿದೆ. ಗಾಂಧಾರದ ಕಥೆ ಬೇರೆ. ಅದು 302.4. ಎರಡು ಚಿಲ್ಲರೆ ಕಂಪನಕ್ಕೆ ಇಷ್ಟು ಗಲಾಟೆಯೇ ಎನ್ನಬೇಡಿ. ಷಡ್ಜದ ಐದರಷ್ಟು 1200, ಈ ಗಾಂಧಾರದ ನಾಲ್ಕರಷ್ಟು ಸುಮಾರು 1209.5. ಒಂದೇ ಆಗಬೇಕಿದ್ದ ಇವೆರಡೂ ಒಂದರ ಮೇಲೊಂದು ಬಿದ್ದಾಗ ನಾದ ಸೆಕೆಂಡಿಗೆ ಒಂಬತ್ತು ಹತ್ತು ಸಲ ಏರಿಳಿಯುತ್ತದೆ. ಆ ಕರಕರೆಯೇ ದೂರಿನ ಮೂಲ. ಪಂಚಮದ ಮಟ್ಟಿಗೆ ಪೆಟ್ಟಿಗೆ ನಿರಪರಾಧಿ, ಗಾಂಧಾರದ ಮಟ್ಟಿಗೆ ತಪ್ಪಿತಸ್ಥ.

ಹಾಗಾದರೆ ತಯಾರಿಸುವವರು ಗಾಂಧಾರವನ್ನು 300ಕ್ಕೇ ಕೂರಿಸಬಾರದಿತ್ತೇ? ಕೂರಿಸಬಹುದಿತ್ತು, ಆದರೆ ತೊಂದರೆ ಇನ್ನೊಂದು ಕಡೆ ಏಳುತ್ತದೆ. ಪಂಚಮದಿಂದ ಪಂಚಮಕ್ಕೆ ಹೋಗುತ್ತಾ ಸ್ವರಗಳನ್ನು ಹುಟ್ಟಿಸಿ ನೋಡಿ. 240ರ ಪಂಚಮ 360. ಅದರ ಪಂಚಮ 540. ಸ್ಥಾಯಿ ಇಳಿಸಲು ಅರ್ಧ ಮಾಡಿದರೆ 270, ಅದು ರಿಷಭ. ಅದರ ಪಂಚಮ 405, ಧೈವತ. ಅದರದು 607.5, ಅರ್ಧ ಮಾಡಿದರೆ 303.75. ಅಲ್ಲಿಗೆ ಗಾಂಧಾರವೇ ಎರಡಾಯಿತು: ತಂಬೂರಿ ಕೊಟ್ಟದ್ದು 300, ಪಂಚಮಗಳ ಸರಪಳಿ ಕೊಟ್ಟದ್ದು 303.75. ಹೀಗೆಯೇ ಹನ್ನೆರಡು ಪಂಚಮ ಏರಿದರೆ ಹನ್ನೆರಡು ಸ್ವರಸ್ಥಾನಗಳನ್ನೂ ಮುಟ್ಟಿ ಷಡ್ಜಕ್ಕೆ ಮರಳಬೇಕು. ಮರಳುತ್ತೇವೆ, ಆದರೆ 240ಕ್ಕಲ್ಲ, ಸುಮಾರು 243.27ಕ್ಕೆ. ಮೂರೂಕಾಲು ಕಂಪನ ಬಾಕಿ.

ಈ ಬಾಕಿಯನ್ನು ಯಾವ ಜಾಣನೂ ತೀರಿಸಲಾರ. ಪಂಚಮ ಏರುವುದೆಂದರೆ ಮೂರರಿಂದ ಗುಣಿಸುವುದು, ಸ್ಥಾಯಿ ಬದಲಿಸುವುದೆಂದರೆ ಎರಡರಿಂದ. ಮೂರನ್ನು ಮೂರರಿಂದ ಎಷ್ಟು ಸಲ ಗುಣಿಸಿದರೂ ಬೆಸ ಸಂಖ್ಯೆಯೇ. ಎರಡನ್ನು ಎರಡರಿಂದ ಗುಣಿಸಿದರೆ ಸಮ ಸಂಖ್ಯೆಯೇ. ಎರಡೂ ಎಂದಿಗೂ ಒಂದಾಗುವುದಿಲ್ಲ. ಹನ್ನೆರಡು ಮೂರುಗಳ ಗುಣಲಬ್ಧ 5,31,441. ಹತ್ತೊಂಬತ್ತು ಎರಡುಗಳದು 5,24,288. ಹತ್ತಿರ ಬರುತ್ತವೆ, ಸೇರುವುದಿಲ್ಲ. ಹನ್ನೆರಡು ಚಾಂದ್ರಮಾಸ ಕೂಡಿದರೂ ಸೌರವರ್ಷ ತುಂಬದೆ ಹನ್ನೊಂದು ದಿನ ಉಳಿಯುತ್ತದಲ್ಲ, ಹಾಗೆ. ಪಂಚಾಂಗದವರು ಆ ಉಳಿಕೆಯನ್ನು ಒಟ್ಟುಗೂಡಿಸಿ ಅಧಿಕ ಮಾಸದಲ್ಲಿ ಇಟ್ಟರು. ಸಂಗೀತದಲ್ಲೂ ಬಾಕಿಯನ್ನು ಎಲ್ಲಿ ಇಡುವುದು ಎಂಬುದೊಂದೇ ಪ್ರಶ್ನೆ.

ಹಾರ್ಮೋನಿಯಂ ಅದನ್ನು ಹನ್ನೆರಡು ಮನೆಗೂ ಸಮನಾಗಿ ಹಂಚುತ್ತದೆ. ಪ್ರತಿ ಮನೆಯೂ ಹಿಂದಿನದರ 1.05946ರಷ್ಟು, ಹನ್ನೆರಡು ಸಲ ಗುಣಿಸಿದರೆ ಸರಿಯಾಗಿ ಎರಡು ಬರುವ ಸಂಖ್ಯೆ ಅದು. ಇದನ್ನು ನಿಖರವಾಗಿ ಲೆಕ್ಕ ಹಾಕಿ 1584ರಲ್ಲಿ ಬರೆದಿಟ್ಟವನು ಚೀನಾದ ಮಿಂಗ್ ವಂಶದ ರಾಜಕುಮಾರ ಝು ಝೈಯು. ನಂತರ ಈ ಹಂಚಿಕೆ ಯುರೋಪಿನಲ್ಲಿ ನೆಲೆಯೂರಿತು. ಅಲ್ಲಿಯವರ ಸಂಗೀತದಲ್ಲಿ ಕೃತಿಯ ನಡುವೆಯೇ ಆಧಾರಸ್ವರ ಜಾಗ ಬದಲಿಸುತ್ತದೆ. ಆದ್ದರಿಂದ ಎಲ್ಲ ಮನೆಗಳೂ ಸಮವಾಗಿ ಸ್ವಲ್ಪ ಸ್ವಲ್ಪ ತಪ್ಪಾಗಿರುವುದು ಅವರಿಗೆ ಒಳ್ಳೆಯದು. ನಮ್ಮಲ್ಲಿ ಕಚೇರಿ ಮುಗಿಯುವವರೆಗೆ ಷಡ್ಜ ಅಲುಗುವುದಿಲ್ಲ. ಹನ್ನೆರಡನೆಯ ಪಂಚಮದವರೆಗೆ ಹೋಗುವ ಪ್ರಮೇಯವೇ ಇಲ್ಲದ್ದರಿಂದ ಬಾಕಿ ಕಾಣದಂತೆ ಉಳಿಯುತ್ತದೆ. ಇದು ನಮ್ಮ ಹೆಚ್ಚುಗಾರಿಕೆಯಲ್ಲ, ನಾವು ಬೇರೆ ಕೆಲಸಕ್ಕೆ ಇಳಿದವರು, ಅಷ್ಟೇ.

ಒಮ್ಮೊಮ್ಮೆ ಅದು ನಮ್ಮಲ್ಲೂ ತಲೆ ಎತ್ತುತ್ತದೆ. ಚಾಮರಾಜಪೇಟೆಯ ರಾಮನವಮಿ ಚಪ್ಪರದಲ್ಲಿ ಗಾಯಕರೊಬ್ಬರು ಮೋಹನ ರಾಗ ಹಾಡುತ್ತಾ ಗ್ರಹಭೇದಕ್ಕೆ, ಅಂದರೆ ಬೇರೊಂದು ಸ್ವರವನ್ನು ಷಡ್ಜವೆಂದು ಹಿಡಿದು ಇನ್ನೊಂದು ರಾಗ ಮೂಡಿಸಲು, ಹೊರಟರು ಎನ್ನಿ. ರಿಷಭವನ್ನೇ ಷಡ್ಜ ಮಾಡಿಕೊಂಡರೆ ಮಧ್ಯಮಾವತಿ ಮೂಡುತ್ತದೆ, ಸಭೆ ತಲೆದೂಗುತ್ತದೆ. ಮೋಹನದಲ್ಲಿ 300ರ ಗಾಂಧಾರಕ್ಕೆ ಹೊಂದಿಕೊಂಡ ಧೈವತ 400. ಆದರೆ 270ರ ರಿಷಭ ಷಡ್ಜವಾದೊಡನೆ ಅದೇ ಧೈವತ ಪಂಚಮವಾಗಬೇಕು, ಅದಕ್ಕೆ 405 ಬೇಕು. ಗಾಯಕರ ಗಂಟಲು ತಿಳಿದೋ ತಿಳಿಯದೆಯೋ ಆ ಐದು ಕಂಪನಗಳನ್ನು ಏರುತ್ತದೆ. ಪಿಟೀಲಿನವರ ಬೆರಳೂ ಜರುಗುತ್ತದೆ. ವೈಣಿಕರು ತಂತಿಯನ್ನು ಕೊಂಚ ಎಳೆದು ತಲುಪುತ್ತಾರೆ. ಹಾರ್ಮೋನಿಯಂನವರು ಏನನ್ನೂ ಮಾಡಬೇಕಾಗಿಲ್ಲ. ಅವರ ಧೈವತ ಮೊದಲಿನಿಂದಲೂ 403.6, ಎರಡಕ್ಕೂ ಸೇರದೆ ಎರಡಕ್ಕೂ ಒದಗುವ ಸ್ವರ.

ಒಂದು ಸ್ಥಾಯಿಯೊಳಗಿನ ಸೂಕ್ಷ್ಮ ಸ್ವರಸ್ಥಾನಗಳಾದ ಇಪ್ಪತ್ತೆರಡು ಶ್ರುತಿಗಳಿಗೆ ಇಪ್ಪತ್ತೆರಡು ಭಿನ್ನರಾಶಿಗಳ ಪಟ್ಟಿ ಕೊಟ್ಟು ಎಲ್ಲ ಮುಗಿಯಿತು ಎನ್ನುವವರನ್ನು ನಾನು ನಂಬುವುದಿಲ್ಲ. ತೋಡಿ ರಾಗದ ಗಾಂಧಾರ ಒಂದೆಡೆ ನಿಂತೀತೇ, ಅದಕ್ಕೊಂದು ಸಂಖ್ಯೆ ಅಂಟಿಸಲು? ಇನ್ನು ಶಾಸ್ತ್ರಕಾರ ವೆಂಕಟಮಖಿಯ ಎಪ್ಪತ್ತೆರಡು ಮೇಳಗಳ, ಅಂದರೆ ಮೂಲರಾಗಗಳ, ಲೆಕ್ಕ ಸೊಗಸಾದದ್ದೇ, ಆದರೆ ಅದು ಸ್ವರಗಳ ಜೋಡಣೆಯ ಗಣಿತ. ಕಂಪನಗಳ ಗೊಡವೆಗೆ ಹೋಗುವುದಿಲ್ಲ.

ಕಂಪನಗಳ ಗೊಡವೆಗೆ ಹೋದವರು ಇದೇ ಊರಿನಲ್ಲಿದ್ದರು. ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ನಿರ್ದೇಶಕರಾಗಿ 1933ರಲ್ಲಿ ಬೆಂಗಳೂರಿಗೆ ಬಂದ ಸಿ. ವಿ. ರಾಮನ್, ಮರುವರ್ಷ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಭಾರತೀಯ ಚರ್ಮವಾದ್ಯಗಳ ಬಗ್ಗೆ ಬರೆದರು. ಬಿಗಿದ ಬರಿಯ ಚರ್ಮಕ್ಕೆ ಬಡಿದರೆ ಹುಟ್ಟುವ ಮೇಲಿನ ನಾದಗಳು ಮೂಲದ 1.59ರಷ್ಟು, 2.14ರಷ್ಟು ಹೀಗೆ ಅಡ್ಡಾದಿಡ್ಡಿ. ಅದಕ್ಕೇ ಸಾಮಾನ್ಯ ಡೋಲಿಗೆ ಶ್ರುತಿ ಇರುವುದಿಲ್ಲ. ಮೃದಂಗದ ನಡುವಿನ ಕರಣೆಯ, ಅಂದರೆ ಆ ಕಪ್ಪು ಲೇಪದ, ಭಾರ ಅವನ್ನು ಎರಡು, ಮೂರು, ನಾಲ್ಕು, ಐದರ ಸಾಲಿಗೆ ತರುತ್ತದೆ ಎಂದು ರಾಮನ್ ತೋರಿಸಿದರು. ತಂತಿಗೆ ಹುಟ್ಟಿನಿಂದ ಬಂದ ಲೆಕ್ಕವನ್ನು, ಒಂದು ಸೂತ್ರವನ್ನೂ ಬರೆಯದೆ, ಯಾರೋ ಕುಶಲಕರ್ಮಿಗಳು ಚರ್ಮಕ್ಕೆ ಕಲಿಸಿದ್ದರು.

ಕೊನೆಯದಾಗಿ, ಮಕ್ಕಳನ್ನು ಸಂಗೀತದ ಪಾಠಕ್ಕೆ ಕಳಿಸುವವರಿಗೆ ಒಂದು ಮಾತು. ಶ್ರುತಿ ಅಳೆಯುವ ಮೊಬೈಲ್ ಆ್ಯಪ್‌ಗಳು ಸಾಮಾನ್ಯವಾಗಿ ಹಾರ್ಮೋನಿಯಂನ ಸಮ ಹಂಚಿಕೆಯನ್ನೇ ಅಳತೆಗೋಲು ಮಾಡಿಕೊಂಡಿರುತ್ತವೆ. ತಂಬೂರಿಗೆ ಸರಿಯಾಗಿ ಕೂಡಿದ ಅಂತರ ಗಾಂಧಾರವನ್ನು ಮಗು ಹಿಡಿದಾಗ ಮುಳ್ಳು ಎಡಕ್ಕೆ ವಾಲಿ, ಒಂದು ಮನೆಯ ನೂರು ಪಾಲಿನಲ್ಲಿ ಹದಿನಾಲ್ಕು ಪಾಲು ಕಡಿಮೆ ಎಂದು ತೋರಿಸುತ್ತದೆ. ಮಗುವನ್ನು ತಿದ್ದಲು ಹೋಗಬೇಡಿ. ಮೊಬೈಲನ್ನು ಪಕ್ಕಕ್ಕಿಟ್ಟು ಅದೇ ಸ್ವರವನ್ನು ಇನ್ನಷ್ಟು ಹೊತ್ತು ಹಿಡಿಯಲು ಹೇಳಿ.

ನಮಸ್ಕಾರ.